ನೆಲದಡಿಯ ಛಾವಣಿ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಹಳೆಯ ಮನೆಗಳ ಛಾವಣಿಗೂ ಫರಸಿಕಲ್ಲೇ. ಜಂತಿಗಳ ನಡುವಣ ಅಂತರ ಹೆಚ್ಚಾದರೆ ಹಾಸುಗಲ್ಲು ಬಿರಿಯುವುದೆಂಬುದನ್ನು ಅಲ್ಲಿನ ಗೌಂಡಿಗೆ ಪುಸ್ತಕ ಕಲಿಸಬೇಕಾಗಿಲ್ಲ. ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗುವುದನ್ನು ತಾಳದು. ಕಲ್ಲಿದ್ದಲ ಗಣಿಯ ಸಂಕಟವೂ ಇದೇ.

ಈ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಶಹಾಬಾದಿನ ಖಣಿಗಳು ಬಾನಿಗೆ ತೆರೆದ ಹೊಂಡಗಳು. ಅಲ್ಲಿ ದುಡಿಯುವವನ ನೆತ್ತಿಯ ಮೇಲೆ ಬಿಸಿಲಿನದೇ ಭಾರ. ಆದರೆ ಸುಣ್ಣಕಲ್ಲು ಸಿಮೆಂಟಾಗಬೇಕಾದರೆ ಸುಮಾರು 1450 ಡಿಗ್ರಿ ಶಾಖ ಬೇಕು, ಆ ಶಾಖಕ್ಕೆ ಕಲ್ಲಿದ್ದಲು ಬೇಕು. 1874ರಲ್ಲಿ ನಿಜಾಮರ ರೈಲುಮಾರ್ಗ ವಾಡಿಯನ್ನು ಸಿಕಂದರಾಬಾದಿಗೆ ಜೋಡಿಸಿತು. 1889ರಲ್ಲಿ ಗೋದಾವರಿ ಕಣಿವೆಯ ಯಲ್ಲಂದುವಿನಲ್ಲಿ ಸಿಂಗರೇಣಿಯ ಗಣಿಗಾರಿಕೆ ಮೊದಲಾಯಿತು. 1956ರವರೆಗೆ ಎರಡೂ ಸೀಮೆಗಳು ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಆದಕಾರಣ ಸಿಂಗರೇಣಿಯ ಛಾವಣಿಯ ವಿಚಾರ ನಮಗೆ ಹೊರಗಿನದಲ್ಲ.

ಮುನ್ನೂರು ಮೀಟರು ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 750 ಟನ್ ಬಂಡೆಯ ಭಾರವಿರುತ್ತದೆ. ಇದನ್ನು ಯಾವ ಊರುಗಂಬವೂ ಹೊರಲಾರದು. ಹೊರುವುದು, ಅಗೆಯದೆ ಬಿಟ್ಟ ಕಲ್ಲಿದ್ದಲ ಕಂಬಗಳು. ಮರದ ಊರುಗಂಬವಾಗಲಿ, ಇಂದು ಛಾವಣಿಗೆ ರಂಧ್ರ ಕೊರೆದು ಬಿಗಿಯುವ ಉಕ್ಕಿನ ಬೋಲ್ಟಾಗಲಿ, ಕೆಳಗಿನ ಕೆಲವು ಪದರಗಳು ಕಳಚಿ ಬೀಳದಂತೆ ತಡೆಯುವುದಷ್ಟೆ. ಬೋಲ್ಟು ತೆಳುವಾದ ಪದರಗಳನ್ನು ಹೊಲಿದು ಒಂದೇ ದಪ್ಪ ಹಾಸಾಗಿ ಮಾಡುತ್ತದೆ. ಆದರೆ ಮರ ಮುರಿಯುವ ಮುನ್ನ ಕಿರುಗುಟ್ಟಿ ಎಚ್ಚರಿಸುತ್ತಿತ್ತು. ಹಳಬರು ಅದನ್ನು ನಂಬಿದ್ದುದು ಸುಮ್ಮನೆ ಅಲ್ಲ.

ನಿಜವಾದ ಗಂಡಾಂತರ ಒದಗುವುದು ಆ ಕಂಬಗಳನ್ನೂ ತೆಗೆಯಹೊರಟಾಗ. ಕಂಬ ಕಿತ್ತ ಜಾಗದಲ್ಲಿ ಛಾವಣಿ ಆಗಿಂದಾಗ ಬೀಳುತ್ತಿರಬೇಕು; ಬೀಳುವುದೇ ಕ್ಷೇಮ! ಗಟ್ಟಿ ಮರಳುಗಲ್ಲಿದ್ದರೆ ಅದು ಬೀಳದೆ ಚಾಚಿ ನಿಲ್ಲುತ್ತದೆ. ಅದರ ಭಾರವೆಲ್ಲ ಮುಂದಿನ ಕಂಬಗಳ ಮೇಲೆರಗುತ್ತದೆ. ಕೊನೆಗೆ ಒಮ್ಮೆಲೇ ಕುಸಿದಾಗ ಒಳಗಿನ ಗಾಳಿಯೇ ಮನುಷ್ಯರನ್ನು ಎತ್ತಿ ಎಸೆಯುತ್ತದೆ. ಎಷ್ಟು ಕಂಬ ಉಳಿಸಬೇಕೆಂಬ ಪ್ರಶ್ನೆ ಹೀಗೆ ಬಂಡೆಯ ಶಾಸ್ತ್ರಕ್ಕೆ ಎಷ್ಟು ಸೇರಿದೆಯೋ ಲಾಭದ ಲೆಕ್ಕಕ್ಕೂ ಅಷ್ಟೇ ಸೇರಿದೆ. ಉಳಿಸಿದ ಪ್ರತಿ ಕಂಬವೂ ಮಾರದೆ ಬಿಟ್ಟ ಸರಕು.

ಯಂತ್ರ ಬಂದರೆ ಭಯ ತೀರಿತೆನ್ನುವವರುಂಟು. ಸಿಂಗರೇಣಿಯ ಅಡ್ರಿಯಾಲ ಗಣಿಯಲ್ಲಿ ಜಲಚಾಲಿತ ಉಕ್ಕಿನ ಆಸರೆಗಳಿದ್ದವು. ಆದರೂ 2022ರ ಮಾರ್ಚಿನಲ್ಲಿ ಆ ಗಣಿಯ ಕುಸಿತಕ್ಕೆ ಮೂವರು ಬಲಿಯಾದರು. ಅವರಲ್ಲೊಬ್ಬರು ಸುರಕ್ಷತಾ ಅಧಿಕಾರಿಯೇ. ಕನ್ನಡನಾಡಿಗೆ ಈ ಪಾಠ ಹೊಸದಲ್ಲ. ಮೂರು ಕಿಲೋಮೀಟರಿಗಿಂತ ಆಳವಾದ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದರೆ ಮೇಲಿನ ಊರೂ ನಡುಗುತ್ತಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿತು.

ಈಗ ದೇಶದ ಕಲ್ಲಿದ್ದಲಲ್ಲಿ ಬಹುಪಾಲು ತೆರೆದ ಗಣಿಗಳದು. ಆದರೆ 2030ರ ವೇಳೆಗೆ ನೆಲದಡಿಯಿಂದ ವರ್ಷಕ್ಕೆ ಹತ್ತು ಕೋಟಿ ಟನ್ ತೆಗೆಯುವ ಗುರಿಯನ್ನು ಕೇಂದ್ರ ಸರಕಾರ ಇರಿಸಿಕೊಂಡಿದೆ. 2017ರ ಕಲ್ಲಿದ್ದಲು ಗಣಿ ನಿಯಮಗಳು ಶಿಲಾಸ್ತರಗಳ ಮೇಲೆ ಕಣ್ಣಿಡುವ ಯೋಜನೆಯನ್ನು ಕೇಳುತ್ತವೆ, ಸರಿ. ಆದರೆ ಕೋಲಿನಿಂದ ಛಾವಣಿಯನ್ನು ತಟ್ಟಿ, ಟೊಳ್ಳು ಸದ್ದು ಕೇಳಿ, "ಇಂದು ಇಲ್ಲಿ ಕೆಲಸ ಬೇಡ" ಎನ್ನುವ ಕಾರ್ಮಿಕನ ಮಾತಿಗೆ ಆ ದಿನದ ಟನ್ನುಗಳ ಲೆಕ್ಕ ಬರೆಯುವವರು ಕಿವಿಗೊಡುವರೆ?