ಪೆಟ್ಟಿಗೆ ತೆರೆದ ಲೆಕ್ಕ ಯಾರ ಕಿರ್ದಿಯಲ್ಲಿ?

ಅಂಗಡಿಯವನ ಹತ್ತಿರ ಒಂದು ಕಿರ್ದಿ ಇರುತ್ತದೆ. ಉದ್ದರಿ ತರುವ ಗಿರಾಕಿಯ ಮನೆಯಲ್ಲಿ ಒಂದು ಕೈಪುಸ್ತಕ ಇರುತ್ತದೆ. ತಿಂಗಳ ಕೊನೆಗೆ ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡುವುದು ನಮ್ಮ ಪೇಟೆಯ ಹಳೆಯ ಪದ್ಧತಿ. ಪುಸ್ತಕ ಒಂದೇ, ಅದೂ ಮಾರುವವನ ಗಲ್ಲಾಪೆಟ್ಟಿಗೆಯ ಹಿಂದೆ ಎಂದರೆ ಅಂಥ ವ್ಯಾಪಾರಕ್ಕೆ ನಮ್ಮ ವಾಚಕರಲ್ಲಿ ಯಾರೂ ಒಪ್ಪಲಾರರು. ಆದರೆ ಅವರ ಮನೆಯ ಹುಡುಗರು ಕೆಲವರು ಈಗಾಗಲೇ ಒಪ್ಪಿ ಕುಳಿತಿರುವ ವ್ಯಾಪಾರ ಸರಿಸುಮಾರು ಇಂಥದೇ.

ಕೌಂಟರ್-ಸ್ಟ್ರೈಕ್ ಎಂಬುದು ಇಂಟರ್ನೆಟ್ಟಿನ ಮೂಲಕ ಆಡುವ ಬಂದೂಕಿನ ಆಟ. ಅಮೆರಿಕದ ವಾಲ್ವ್ ಕಂಪೆನಿಯದು. ಆಡುವುದಕ್ಕೆ ಹಣ ಬೇಕಿಲ್ಲ. 2013ರ ಆಗಸ್ಟಿನಲ್ಲಿ ಕಂಪೆನಿ ಅದರೊಳಗೆ ಬೀಗ ಹಾಕಿದ ಪೆಟ್ಟಿಗೆಗಳನ್ನು ತಂದಿಟ್ಟಿತು. ಆಡುವವನಿಗೆ ಪೆಟ್ಟಿಗೆ ಆಗಾಗ ಪುಕ್ಕಟೆಯಾಗಿಯೇ ದೊರೆಯುತ್ತದೆ. ಕೊಳ್ಳಬೇಕಾದದ್ದು ಬೀಗದ ಕೈ. ಅದರ ಬೆಲೆ 2.49 ಡಾಲರು, ನಮ್ಮ ಹಣದಲ್ಲಿ ಇನ್ನೂರು ರೂಪಾಯಿಗೂ ಮೇಲೆ. ಒಳಗಿರುವುದು ಬಂದೂಕಿಗೆ ಬಳಿಯುವ ಬಣ್ಣ, ಅಪರೂಪಕ್ಕೆ ಒಂದು ಚೂರಿ ಅಥವಾ ಕೈಗವಸು. ಬಣ್ಣ ಬಳಿದ ಬಂದೂಕಿನಿಂದ ಗುಂಡು ಹೆಚ್ಚು ನೇರವಾಗಿ ಹೋಗುವುದಿಲ್ಲ, ಶೋಕಿ, ಅಷ್ಟೆ. ಬಂದ ಸಾಮಾನನ್ನು ಕಂಪೆನಿಯ ಸಂತೆಯಲ್ಲೇ ಮಾರಬಹುದು. ಅಲ್ಲಿ ನೂರಕ್ಕೆ 15ರಂತೆ ಸುಂಕ ಕಂಪೆನಿಗೆ ಸೇರುತ್ತದೆ, ಉಳಿದದ್ದು ಬ್ಯಾಂಕಿಗೆ ಬಾರದೆ ಅದೇ ಕಂಪೆನಿಯ ಖಾತೆಯಲ್ಲಿ ಕೊಳೆಯುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಲೂಟ್ ಬಾಕ್ಸ್ ಎಂಬ ಹೆಸರು. ಲೂಟ್ ಎಂಬ ಮಾತನ್ನು ಇಂಗ್ಲಿಷರು ನಮ್ಮ ದೇಶದಿಂದಲೇ ಹೊತ್ತೊಯ್ದಿದ್ದರು. ಈಗ ಬಡ್ಡಿಸಮೇತ ಮರಳಿಸುತ್ತಿದ್ದಾರೆಂದು ಕಾಣುತ್ತದೆ.

ಯಾವ ಸಾಮಾನು ಎಷ್ಟಕ್ಕೆ ಒಂದರಂತೆ ಬರುತ್ತದೆ ಎಂಬುದನ್ನು ನಾಲ್ಕು ವರ್ಷ ಯಾರೂ ಹೇಳಲಿಲ್ಲ. ಚೀನಾದ ಸಂಸ್ಕೃತಿ ಇಲಾಖೆ 2016ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿ, ಇಂಥ ಪೆಟ್ಟಿಗೆಗಳ ಪ್ರಮಾಣವನ್ನು 2017ರ ಮೇ 1ರಿಂದ ಬಹಿರಂಗಪಡಿಸತಕ್ಕದ್ದು, ತೆರೆದುದರ ಫಲಿತಾಂಶದ ದಾಖಲೆಯನ್ನು 90 ದಿನಕ್ಕೆ ಕಡಮೆಯಿಲ್ಲದಂತೆ ಇಟ್ಟಿರತಕ್ಕದ್ದು ಎಂದಿತು. ಆಟವನ್ನು ಅಲ್ಲಿ ನಡೆಸುವ ಪರ್ಫೆಕ್ಟ್ ವರ್ಲ್ಡ್ ಕಂಪೆನಿ ಅದೇ ವರ್ಷ ಬಾಯಿಬಿಟ್ಟಿತು. ನೂರರಲ್ಲಿ 79.92 ಪಾಲು ತೀರ ಸಾಧಾರಣವಾದ ನೀಲಿ ದರ್ಜೆ. ಚೂರಿ-ಕೈಗವಸಿನ ಪಾಲು 0.26.

ಈ 0.26 ಎಂದರೇನು? ಭಾಗಾಕಾರ ಮಾಡಿದರೆ 385ಕ್ಕೆ ಒಂದು. 385 ಬೀಗದ ಕೈಗೆ ಸುಮಾರು 959 ಡಾಲರು. ಅಷ್ಟು ಸುರಿದರೆ ಚೂರಿ ಬಂದೇ ತೀರುತ್ತದೆಂದು ಹುಡುಗರು ನಂಬಿದ್ದಾರೆ. ಬರಬೇಕೆಂದೇನೂ ಇಲ್ಲ. ನೂರು ಜನ ತಲಾ 385 ಪೆಟ್ಟಿಗೆ ತೆರೆದರೆ ಅವರಲ್ಲಿ 37 ಜನ ಬರಿಗೈಯಲ್ಲಿ ಏಳುತ್ತಾರೆಂದು ಗಣಿತ ಹೇಳುತ್ತದೆ. 384 ಸಲ ಸೋತವನಿಗೆ ಮುಂದಿನ ಸಲ ಇರುವ ಅವಕಾಶ, ಮೊದಲ ದಿನ ಕೂತವನಿಗೆ ಇದ್ದಷ್ಟೇ. ಪೆಟ್ಟಿಗೆಗೆ ಹಿಂದಿನದರ ನೆನಪಿಲ್ಲ. ಹುಡುಗನಿಗೆ ನೆನಪುಂಟು, ಆದರೆ ಅದು ಒಕ್ಕಣ್ಣಿನ ನೆನಪು: ಒಮ್ಮೆ ಬಂದ ಕೆಂಪು ಬಂದೂಕು ತಿಂಗಳುಗಟ್ಟಲೆ ಕಣ್ಣಮುಂದಿರುತ್ತದೆ, ಎಂಬತ್ತು ನೀಲಿಗಳು ಮರುದಿನಕ್ಕೆ ಮರೆತುಹೋಗುತ್ತವೆ. ಆದುದರಿಂದಲೇ ಬರೆದಿಟ್ಟ ಲೆಕ್ಕ ಬೇಕು ಎನ್ನುತ್ತೇವೆ.

ಲೆಕ್ಕ ಇಲ್ಲವೆ? ಇದೆ. ಕಂಪೆನಿಯ ಸ್ಟೀಮ್ ಎಂಬ ಅಂಗಡಿಯಲ್ಲಿ ಪ್ರತಿಯೊಬ್ಬನ ಸಾಮಾನಿನ ಚರಿತ್ರೆಯ ಪುಟವಿದೆ. ಯಾವ ದಿನ ಯಾವ ಪೆಟ್ಟಿಗೆ ತೆರೆದ, ಏನು ಬಂತು ಎಂಬುದು ಸಾಲುಸಾಲಾಗಿ ಅಲ್ಲಿದೆ. ಕೊಟ್ಟ ಹಣ ಬೇರೆ ಪುಟದಲ್ಲಿದೆ. ಹೀಗಿರುವಾಗ ದೂರೇನು ಎಂದು ಯಾರಾದರೂ ಕೇಳಬಹುದು. ಗಿರಣಿಯ ಕೆಲಸಗಾರರನ್ನು ನಾವು ಕೇಳುತ್ತೇವೆ: ಹಾಜರಿ ಒಂದು ಪುಸ್ತಕದಲ್ಲಿ, ಕಡಿತ ಇನ್ನೊಂದರಲ್ಲಿ, ಮೊತ್ತ ಯಾವುದರಲ್ಲೂ ಇಲ್ಲ ಎಂದರೆ ಅದನ್ನು ಸಂಬಳದ ಚೀಟಿ ಎನ್ನುತ್ತೀರಾ? ಒಂದು ಕ್ಷಣದಲ್ಲಿ ಕೋಟಿ ಲೆಕ್ಕ ಕೂಡಿಸಬಲ್ಲ ಯಂತ್ರಗಳ ಒಡೆಯರಿಗೆ ಈ ಎರಡು ಪುಟವನ್ನು ಕೂಡಿಸುವುದು ಮಾತ್ರ ಕೈಲಾಗದೆ ಹೋಯಿತು!

ಕೊನೆಗೆ ಕೂಡಿಸಿದವರು ಆಟಗಾರರೇ. ಆ ಸಾಲುಗಳನ್ನೆಲ್ಲ ಓದಿ, ಒಟ್ಟು ಎಷ್ಟು ತೆರೆದೆ, ನೀಲಿ ಎಷ್ಟು, ಕೆಂಪು ಎಷ್ಟು ಎಂದು ಎಣಿಸುವ ಸಣ್ಣ ಸಾಧನಗಳನ್ನು ಬಲ್ಲವರು ಬರೆದು ಹಂಚಿದರು. ಅಪೆಕ್ಸ್ ಲೆಜೆಂಡ್ಸ್ ಎಂಬ ಇನ್ನೊಂದು ಬಂದೂಕಿನ ಆಟದಲ್ಲೂ ಇದೇ ಕಥೆ. 2019ರಲ್ಲಿ ಬಂದ ಆ ಆಟದಲ್ಲಿ 500 ಪೊಟ್ಟಣದೊಳಗೆ ಒಂದು ಅಪರೂಪದ ಸಾಮಾನು ಖಂಡಿತ ಎಂಬ ಭರವಸೆಯಿತ್ತು, ಆದರೆ ನಿನ್ನದು ಈಗ ಎಷ್ಟನೆಯದು ಎಂದು ಹೇಳುವವರಿರಲಿಲ್ಲ. ಆಟಗಾರರೇ ಎಣಿಕೆಯ ಪಟ್ಟಿ ಮಾಡಿಕೊಂಡರು. ಇಂಥ ಸಾಧನಗಳ ವೇಷದಲ್ಲಿ ಮೋಸಗಾರರೂ ಬರುತ್ತಾರೆ, ಗುಪ್ತಪದ ಕೇಳಿ ಇದ್ದ ಸಾಮಾನನ್ನೂ ಗುಡಿಸಿಕೊಂಡು ಹೋಗುತ್ತಾರೆ. ಅಪರಿಚಿತನಿಗೆ ಬೀಗದ ಕೈ ಕೊಟ್ಟು ಲೆಕ್ಕ ಕೇಳಬಾರದು.

ಕಂಪೆನಿ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಪೆಕ್ಸ್ ಆಟದ ಒಡೆಯರಾದ ಇ.ಎ. ಕಂಪೆನಿಯವರೇ 2020ರ ನವೆಂಬರಿನಲ್ಲಿ ತಮ್ಮ ಫೀಫಾ ಎಂಬ ಕಾಲ್ಚೆಂಡಿನ ಆಟದಲ್ಲಿ, ಎಷ್ಟು ಪೊಟ್ಟಣ ತೆರೆದಿರಿ, ಎಷ್ಟು ಕೊಂಡಿರಿ ಎಂದು ತೋರಿಸಿ, ಮಿತಿ ಹಾಕಿಕೊಳ್ಳುವ ಅನುಕೂಲವನ್ನೂ ಕೊಟ್ಟರು. ಅದಕ್ಕೆ ಮೊದಲೇ, 2018ರಲ್ಲಿ, ಬೆಲ್ಜಿಯಮ್ಮಿನ ಜೂಜು ಆಯೋಗ ಇದು ಜೂಜೇ ಎಂದು ತೀರ್ಮಾನಿಸಿತ್ತು; ವಾಲ್ವ್ ಅಲ್ಲಿ ಪೆಟ್ಟಿಗೆ ತೆರೆಯುವುದನ್ನೇ ನಿಲ್ಲಿಸಿತು. ಫ್ರಾನ್ಸಿನಲ್ಲಿ 2019ರಲ್ಲಿ ಪೆಟ್ಟಿಗೆಯ ಒಳಗನ್ನು ಮೊದಲೇ ತೋರಿಸುವ ಯಂತ್ರವನ್ನು ಇಟ್ಟರು. ತಮಾಷೆ ನೋಡಿ: ತೋರಿಸಿದ್ದನ್ನು ಕೊಂಡರೆ ಮಾತ್ರ ಮುಂದಿನದನ್ನು ತೋರಿಸುತ್ತದೆ!

ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದು. ಆದರೆ ಲೂಟ್ ಬಾಕ್ಸ್ ಎಂಬ ಹೆಸರು ಆ ಕಾಯ್ದೆಯಲ್ಲಿಲ್ಲ, ಇದು ಅದರಡಿ ಬರುತ್ತದೋ ಇಲ್ಲವೋ ಎಂದು ವಕೀಲರು ವರ್ಷಗಟ್ಟಲೆ ವಾದಿಸಬಹುದು. ವಾದಿಸಲಿ. ಅದರ ತೀರ್ಪಿಗೆ ಕಾಯದೆ ಸರ್ಕಾರ ಮಾಡಬಹುದಾದ ಒಂದು ಕೆಲಸವನ್ನು ನಾವು ಕೇಳುತ್ತೇವೆ. ಬೀಗದ ಕೈ ಮಾರುವ ತೆರೆಯ ಮೇಲೆಯೇ, ಕೊಳ್ಳುವ ಗುಂಡಿಯ ಪಕ್ಕದಲ್ಲೇ, ಕನ್ನಡದ ಹುಡುಗನಿಗೆ ಕನ್ನಡದಲ್ಲಿ ಮೂರು ಅಂಕಿಗಳಿರಬೇಕು: ಈವರೆಗೆ ತೆರೆದ ಪೆಟ್ಟಿಗೆ ಇಷ್ಟು, ಕೊಟ್ಟ ರೂಪಾಯಿ ಇಷ್ಟು, ಬಂದ ಸಾಮಾನಿನ ಇಂದಿನ ಬೆಲೆ ಇಷ್ಟು. ಓಸಿ ಬರೆಯುವವನೂ ಚೀಟಿ ಕೊಡುತ್ತಾನಲ್ಲ!

ಅದು ಬರುವವರೆಗೆ ಕಾಯಬೇಕಾಗಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎರಡು ಪುಟಗಳನ್ನು ಅವನ ಕೈಯಿಂದಲೇ ತೆರೆಸಿರಿ. ಹಳೆಯ ನೋಟ್‌ಬುಕ್ಕಿನಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಗೆರೆ ಎಳೆದು ಅವನಿಂದಲೇ ಬರೆಸಿ ಕೂಡಿಸಿರಿ. ಕೂಡಿಸುವಾಗ ಮಾತ್ರ ಬೈಯಬೇಡಿ. ಬೈದರೆ ಪುಟ ಮುಚ್ಚಿಬಿಡುತ್ತಾನೆ, ಮೊತ್ತ ಮತ್ತೆ ಕಂಪೆನಿಗೊಬ್ಬನಿಗೇ ಗೊತ್ತು.