ಮರಕ್ಕೂ ಗೋತ್ರವುಂಟು

ಬೀದಿಯ ಬದಿಗೆ ನೆಡುವ ಮರದಿಂದ ಊರಿನವರು ಬಯಸುವುದು ಬಹಳವಿಲ್ಲ. ಬೇಗ ಬೆಳೆಯಬೇಕು, ಮೈತುಂಬ ಹೂ ಬಿಡಬೇಕು, ಹಣ್ಣುದುರಿಸಿ ಅಂಗಳವನ್ನು ಕೊಳೆಮಾಡಬಾರದು. ಈ ಮೂರು ಗುಣಗಳೂ ಕೂಡಿದ ಮರವೊಂದು 1963ರಲ್ಲಿ ಅಮೆರಿಕದ ಗೃಹಸ್ಥರಿಗೆ ದೊರಕಿತು. ಮರಸೇಬಿನ ಕುಲಕ್ಕೆ ಸೇರಿದ ಅದರ ಹೆಸರು ಬ್ರಾಡ್‌ಫರ್ಡ್ ಪೇರ್.

ಅದರ ತವರು ಚೀನಾ. ಅಲ್ಲಿಂದ ಫ್ರಾಂಕ್ ಮೇಯರ್ ಮೊದಲಾದವರು ಬೀಜ ತರಿಸಿದ್ದು ಅಂದಕ್ಕಾಗಿ ಅಲ್ಲ. ಅಮೆರಿಕದ ಮರಸೇಬಿನ ತೋಟಗಳನ್ನು ಸುಟ್ಟಂತೆ ಕರಿಕುಮಾಡುತ್ತಿದ್ದ ರೋಗಕ್ಕೆ ಜಗ್ಗದ ಬುಡ ಕಸಿಗೆ ಬೇಕಾಗಿತ್ತು. ಆದರೆ ಮೇರಿಲ್ಯಾಂಡಿನ ಗ್ಲೆನ್ ಡೇಲ್ ಕೇಂದ್ರದಲ್ಲಿ ಮುಳ್ಳಿಲ್ಲದ ಒಂದು ಚೆಲುವಾದ ಮರ ತಜ್ಞರ ಕಣ್ಣಿಗೆ ಬಿತ್ತು. ಅದರ ಕಸಿಗಳೇ ಊರೂರಿಗೆ ಹೋದವು.

ಕಸಿಗಳೆಲ್ಲ ಒಂದೇ ತಾಯಿಮರದ ತುಂಡುಗಳು. ಈ ಕುಲದಲ್ಲಿ ಸಗೋತ್ರ ವಿವಾಹ ನಿಷಿದ್ಧ. ತನ್ನದೇ ಪರಾಗ ಬಿದ್ದರೆ ಕಾಯಿ ಕಚ್ಚದು. ಬೀಜವಿಲ್ಲದ ಮೇಲೆ ಹರಡುವ ಭಯವೆಲ್ಲಿ? ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ನೆರೆಯಲ್ಲಿ ಮುಂದೆ ಯಾರು ಬಂದು ನಿಲ್ಲುವರೆಂಬುದು ಆ ಲೆಕ್ಕಕ್ಕೆ ಸೇರಿರಲಿಲ್ಲ.

ಹದಿನೈದು ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಈ ಮರದ ಒತ್ತೊತ್ತಾದ ಕವಲುಗಳು ಗಾಳಿಮಳೆಗೆ ಸೀಳಿ ಬೀಳತೊಡಗಿದವು. ಸಸಿ ಮಾರುವವರು ಇನ್ನೂ ಗಟ್ಟಿಯಾದವೆಂದು ಅದೇ ಜಾತಿಯ ‘ಅರಿಸ್ಟೊಕ್ರಾಟ್’, ‘ಶಾಂಟಿಕ್ಲೀರ್’ ಮುಂತಾದ ತಳಿಗಳನ್ನು ತಂದರು. ಗೋತ್ರ ಬೇರೆಯಾಯಿತು, ಪೌರೋಹಿತ್ಯಕ್ಕೆ ಜೇನುನೊಣಗಳಿದ್ದವು. ಕಸಿಯ ಕೆಳಗಿನ ಬುಡವೇ ಚಿಗುರಿ ಹೂ ಬಿಟ್ಟಲ್ಲಿಯೂ ಇದೇ ಕಥೆ. ಪುಟ್ಟ ಕಾಯಿಗಳನ್ನು ನುಂಗಿದ ಹಕ್ಕಿಗಳು ಪಾಳುಹೊಲಗಳಲ್ಲಿ ಬೀಜ ಬಿತ್ತಿದವು. ಅಲ್ಲಿ ಎದ್ದ ಸಂತಾನಕ್ಕೆ ಪೂರ್ವಜರ ಮುಳ್ಳು ಮರಳಿ ಬಂದಿತ್ತು. ಅದು ಟ್ರ್ಯಾಕ್ಟರಿನ ಚಕ್ರವನ್ನೂ ಚುಚ್ಚಬಲ್ಲದು. ಕಡಿದರೆ ಬುಡದಿಂದ ಹತ್ತಾಗಿ ಚಿಗುರುತ್ತದೆ. (ಹೂವಿನ ವಾಸನೆ ಕೊಳೆತ ಮೀನಿನದೆಂಬುದು ಕೊಂಡವರಿಗೆ ಮೊದಲೇ ತಿಳಿದಿತ್ತು!)

ಪರದೇಶದ ಗಿಡವನ್ನು ಒಳಬಿಡುವ ಮುನ್ನ ಕೇಳಬೇಕಾದ 49 ಪ್ರಶ್ನೆಗಳ ಪಟ್ಟಿಯೊಂದು ಆಸ್ಟ್ರೇಲಿಯದಲ್ಲಿ 1990ರ ದಶಕದಲ್ಲಿ ಸಿದ್ಧವಾಯಿತು. ಬೇರೆಡೆ ಕಳೆಯಾಗಿದೆಯೇ? ಮುಳ್ಳುಂಟೇ? ಹಕ್ಕಿಗಳು ಬೀಜ ಒಯ್ಯುವವೇ? ಕಡಿದರೂ ಬದುಕುವುದೇ? ಉತ್ತರಗಳಿಗೆ ಅಂಕಗಳುಂಟು, ಮೊತ್ತ ಮಿತಿ ಮೀರಿದರೆ ಪ್ರವೇಶವಿಲ್ಲ. ಈ ಪಟ್ಟಿಯಲ್ಲಿಯೂ ತನ್ನ ಪರಾಗದಿಂದಲೇ ಕಾಯಿ ಕಟ್ಟದ ಗಿಡಕ್ಕೆ ತುಸು ರಿಯಾಯಿತಿ ಇದೆ. ಬ್ರಾಡ್‌ಫರ್ಡ್ ಮರ ಎಲ್ಲರನ್ನೂ ಮರುಳುಮಾಡಿದ್ದು ಆ ಒಂದು ಗುಣದಿಂದಲೇ.

ಈ ಜಾತಿಯ ಮಾರಾಟವನ್ನು ಒಹಾಯೊ ರಾಜ್ಯ 2023ರಲ್ಲಿಯೂ, ಪೆನ್ಸಿಲ್ವೇನಿಯ ಮತ್ತು ದಕ್ಷಿಣ ಕ್ಯಾರೊಲಿನ 2024ರಲ್ಲಿಯೂ ನಿಷೇಧಿಸಿದವು. ನೆಟ್ಟು ಬೆಳೆದವುಗಳ ಗತಿ? ದಕ್ಷಿಣ ಕ್ಯಾರೊಲಿನದ ಕ್ಲೆಮ್ಸನ್ ವಿಶ್ವವಿದ್ಯಾಲಯವು, ಮನೆಯ ಮುಂದಿನ ಮರವನ್ನು ಕಡಿಸಿದವರಿಗೆ ಆ ನಾಡಿನದೇ ಮರದ ಸಸಿಯನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಉರುಳಿದ ಮರದ ಛಾಯಾಚಿತ್ರವನ್ನು ತೋರಿಸಬೇಕು, ಅಷ್ಟೆ.