ಕಾವಲಿಯ ದಪ್ಪವೋ, ಖಾಲಿ ಉರಿಯೋ?

ವಾಣಿಜ್ಯ ಸಿಲಿಂಡರಿನ ದರ ಏರಿದಾಗಲೆಲ್ಲ ನಮ್ಮ ಸದಸ್ಯ ಬಾಂಧವರ ನಡುವೆ ಒಂದೇ ಚರ್ಚೆ: ದೋಸೆ ಕಾವಲಿ ಬದಲಿಸಬೇಕೇ? ದಪ್ಪ ಕಾವಲಿ ಗ್ಯಾಸ್ ನುಂಗುತ್ತದೆ ಎನ್ನುವವರು ಕೆಲವರು. ದಪ್ಪದ್ದೇ ಗ್ಯಾಸ್ ಉಳಿಸುತ್ತದೆ ಎನ್ನುವವರು ಪಾತ್ರೆ ಮಾರುವವರು. ಅಕ್ಕಿ, ಉದ್ದು, ಎಣ್ಣೆಗೆ ಕಾಲು ಕಿಲೋದ ಲೆಕ್ಕ ಇಡುವ ನಾವು ಬೆಂಕಿಯ ಲೆಕ್ಕವನ್ನು ಮಾತ್ರ ಅಂದಾಜಿಗೆ ಬಿಟ್ಟಿದ್ದೇವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಕಷ್ಟದ್ದೇನಲ್ಲ. ಫ್ರಾನ್ಸಿನ ಜೋಸೆಫ್ ಫೋರಿಯರ್ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಇದರ ಸೂತ್ರವಿದೆ. ಒಂದು ಚದರ ಮೀಟರ್ ಲೋಹದ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆಂದು ತಿಳಿಯಲು, ಆ ಲೋಹದ ಶಾಖವಾಹಕತೆಯನ್ನು ಅದರ ಕೆಳಮೈ ಮತ್ತು ಮೇಲ್ಮೈ ಉಷ್ಣತೆಗಳ ವ್ಯತ್ಯಾಸದಿಂದ ಗುಣಿಸಿ, ಮೀಟರಿನಲ್ಲಿ ಅಳೆದ ದಪ್ಪದಿಂದ ಭಾಗಿಸಬೇಕು. ವಾಹಕತೆ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 200ರ ಆಸುಪಾಸು, ಕಾವಲಿಯ ಕಬ್ಬಿಣಕ್ಕೆ 50, ಸ್ಟೇನ್‌ಲೆಸ್ ಸ್ಟೀಲಿಗೆ ಬರೀ 16.

ಮೂರಡಿ ಉದ್ದ, ಎರಡಡಿ ಅಗಲ, 12 ಮಿ.ಮೀ. ದಪ್ಪದ ಕಾವಲಿಯನ್ನು ತೆಗೆದುಕೊಳ್ಳೋಣ. ಒಮ್ಮೆಗೆ ಆರು ದೋಸೆ ಹಿಡಿಸುತ್ತದೆ. ಒಂದು ದೋಸೆಗೆ 100 ಗ್ರಾಂ ಹಿಟ್ಟು, ಅದರಲ್ಲಿ 40 ಗ್ರಾಂ ನೀರು ಆವಿಯಾಗಿ ಹೋಗುತ್ತದೆಂದು ಇಟ್ಟುಕೊಂಡರೆ, ಅದು ಬೇಯಲು ಬೇಕಾದ ಶಾಖ ಸುಮಾರು 115 ಕಿಲೋಜೂಲ್. ಎರಡು ನಿಮಿಷದಲ್ಲಿ ಆರು ದೋಸೆ ಏಳಬೇಕಾದರೆ ಚದರ ಮೀಟರಿಗೆ ಸುಮಾರು 10,300 ವ್ಯಾಟ್ ಹಾಯಬೇಕು. ಸೂತ್ರಕ್ಕೆ ಹಾಕಿ ನೋಡಿ: ಇಷ್ಟು ಶಾಖ ಹಾಯಲು ಕಾವಲಿಯ ಕೆಳಮೈ ಮೇಲ್ಮೈಗಿಂತ ಕೇವಲ ಎರಡೂವರೆ ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸಾಕು. 6 ಮಿ.ಮೀ. ಕಾವಲಿಯಾದರೆ ಒಂದೂಕಾಲು ಡಿಗ್ರಿ. ಕೆಳಗೆ ಸಾವಿರ ಡಿಗ್ರಿ ದಾಟಿದ ಉರಿ ಇರುವಾಗ ಈ ಒಂದೂಕಾಲು ಡಿಗ್ರಿ ಯಾವ ಲೆಕ್ಕ? ಅಂದರೆ ದಪ್ಪ ಕಬ್ಬಿಣ ಶಾಖವನ್ನು ತಡೆಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ.

ಹಾಗಾದರೆ ದಪ್ಪದಿಂದ ಆಗುವ ವ್ಯತ್ಯಾಸವೇನು? ಈ ಕಾವಲಿಯ ತೂಕ ಸುಮಾರು 52 ಕಿಲೋ. ಒಮ್ಮೆಲೇ ಆರು ದೋಸೆ ಹೊಯ್ದಾಗ ಅವು ಎಳೆದುಕೊಳ್ಳುವ ಶಾಖವನ್ನು ಕಾವಲಿಯೇ ಕೊಡಬೇಕಾಗಿ ಬಂದರೆ ಅದರ ಬಿಸಿ 27 ಡಿಗ್ರಿ ಇಳಿಯುತ್ತದೆ. 6 ಮಿ.ಮೀ.ದಾದರೆ 54 ಡಿಗ್ರಿ ಇಳಿಯುತ್ತದೆ. ಬೆಳಗ್ಗಿನ ನೂಕುನುಗ್ಗಲಿನಲ್ಲಿ ಎರಡನೇ ಸುತ್ತಿನ ದೋಸೆ ಬಿಳಿಚಿಕೊಳ್ಳುವುದು ಇದರಿಂದಲೇ. ಇದಕ್ಕೆ ತೆರುವ ಬೆಲೆಯೂ ಉಂಟು. ಗ್ಯಾಸಿನ ಶಾಖದಲ್ಲಿ ನೂರಕ್ಕೆ 40 ಪಾಲು ಕಾವಲಿಗೆ ಸೇರುತ್ತದೆಂದು ಹಿಡಿದರೆ, ತಣ್ಣಗಿನ 12 ಮಿ.ಮೀ. ಕಾವಲಿಯನ್ನು 200 ಡಿಗ್ರಿಗೆ ತರಲು ಸುಮಾರು 235 ಗ್ರಾಂ ಗ್ಯಾಸ್ ಬೇಕು, ತೆಳ್ಳಗಿನದಕ್ಕೆ ಅದರ ಅರ್ಧ. ದಿನಕ್ಕೊಮ್ಮೆ ಕಾಯಿಸಿದರೆ ತಿಂಗಳ ವ್ಯತ್ಯಾಸ ಮೂರೂವರೆ ಕಿಲೋ. ಗಿರಾಕಿ ತುಂಬಿರುವ ಹೋಟೆಲಿಗೆ ಇದು ಒಪ್ಪುವ ಖರ್ಚು. ಗಂಟೆಗೆ ನಾಲ್ಕೈದು ದೋಸೆ ಹೋಗುವ ಕಡೆ ದಪ್ಪ ಕಾವಲಿ ಅನಗತ್ಯ.

ನಿಜವಾದ ಸೋರಿಕೆ ಬೇರೆ ಕಡೆ ಇದೆ. 200 ಡಿಗ್ರಿಯಲ್ಲಿ ಖಾಲಿ ಇರುವ ಇದೇ ಕಾವಲಿಯ ಮೇಲ್ಮೈಯಿಂದ ಗಾಳಿಗೆ ಹೋಗುವ ಶಾಖ ಸುಮಾರು 1,850 ವ್ಯಾಟ್. ಅದನ್ನು ತುಂಬಿಕೊಡಲು ಗಂಟೆಗೆ ಸುಮಾರು 360 ಗ್ರಾಂ ಗ್ಯಾಸ್ ಬೇಕು. ತಣ್ಣಗಾದ ಕಾವಲಿಯನ್ನು ಪುನಃ ಕಾಯಿಸುವುದಕ್ಕೆ ಬೇಕಾದುದಕ್ಕಿಂತ ಇದು ಹೆಚ್ಚು! ಈ ನಷ್ಟ ಕಾವಲಿಯ ದಪ್ಪವನ್ನು ನೋಡುವುದಿಲ್ಲ, ಅಗಲವನ್ನೂ ಬಿಸಿಯನ್ನೂ ನೋಡುತ್ತದೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ ಎರಡು ಗಂಟೆ ಉರಿ ಆರಿಸಿದರೆ, ಪುನಃ ಕಾಯಿಸುವ ಖರ್ಚು ಕಳೆದೂ ದಿನಕ್ಕೆ ಸುಮಾರು 485 ಗ್ರಾಂ ಉಳಿಯುತ್ತದೆ. ತಿಂಗಳಿಗೆ ಹದಿನಾಲ್ಕೂವರೆ ಕಿಲೋ, ಅಂದರೆ 19 ಕಿಲೋ ಸಿಲಿಂಡರಿನ ಮುಕ್ಕಾಲು ಪಾಲು. ಹನಿ ಹನಿ ಕೂಡಿದರೆ ಹಳ್ಳ. ಆ ಎರಡು ಗಂಟೆ ಕಾವಲಿಯ ಎದುರು ನಿಲ್ಲುವ ದೋಸೆ ಭಟ್ಟರಿಗೂ ಸ್ವಲ್ಪ ತಂಪು.

"ಗಿರಾಕಿ ಬಂದಾಗ ಕಾವಲಿ ತಣ್ಣಗಿದ್ದರೆ?" ಎಂಬ ಆಕ್ಷೇಪ ಬರುತ್ತದೆ, ನ್ಯಾಯವೇ. ಅದಕ್ಕೆ ಬದಿಯಲ್ಲೊಂದು ಚಿಕ್ಕ ಕಾವಲಿ ಇಟ್ಟುಕೊಂಡರೆ ಆಯಿತು. ದೊಡ್ಡದರಲ್ಲೇ ಸುಧಾರಿಸುವುದಾದರೆ ಒಂದು ಬದಿಯ ಬರ್ನರ್ ಮಾತ್ರ ಉರಿಸಿದರೂ ಲಾಭವೇ.

ಪಾತ್ರೆಗಳ ವಿಷಯದಲ್ಲಿ ಲೋಹ ಮುಖ್ಯವಾಗುವುದು ಶಾಖ ಅಡ್ಡಕ್ಕೆ ಹರಡುವುದರಲ್ಲಿ. ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗಿದ ಜಾಗವಷ್ಟೇ ಕಾದು ಉಪ್ಪಿಟ್ಟು, ಪಾಯಸ ತಳ ಹಿಡಿಯುವುದು ಅದಕ್ಕೇ. ತಳದಲ್ಲಿ ಅಲ್ಯೂಮಿನಿಯಂ ಇಲ್ಲವೇ ತಾಮ್ರದ ಪದರ ಇರುವ ಸ್ಟೀಲ್ ಪಾತ್ರೆಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. ಹುಳಿ ಬೀಳುವ ಸಾರು, ಸಾಂಬಾರಿಗೆ ಬರೀ ಅಲ್ಯೂಮಿನಿಯಂ ಬೇಡ. ಹಿತ್ತಾಳೆ, ತಾಮ್ರಕ್ಕೆ ಕಲಾಯಿ ಇರಲೇಬೇಕು.

ಆದ್ದರಿಂದ ಮುಂಬಯಿ, ಪುಣೆಯೇ ಇರಲಿ, ಹೈದರಾಬಾದೇ ಇರಲಿ, ನಮ್ಮ ಸದಸ್ಯರಲ್ಲಿ ವಿನಂತಿ ಇಷ್ಟೇ. ಹೊಸ ಕಾವಲಿಗೆ ಸಾವಿರಾರು ರೂಪಾಯಿ ಎಣಿಸುವ ಮೊದಲು ಒಂದು ವಾರ ಕಾವಲಿಯ ಸಿಲಿಂಡರನ್ನು ಬೆಳಗ್ಗೆ ಮತ್ತು ರಾತ್ರಿ ತೂಗಿ ಬರೆದಿಡಿ. ಮರುವಾರ ಮಧ್ಯಾಹ್ನ ಉರಿ ಆರಿಸಿ ತೂಗಿ. ಮೇಲಿನ ನಮ್ಮ ಅಂಕಿಗಳು ಬರ್ನರು, ಕಾವಲಿಗೆ ತಕ್ಕಂತೆ ಹೆಚ್ಚುಕಡಿಮೆ ಆಗಬಹುದು, ತಕ್ಕಡಿ ಸುಳ್ಳು ಹೇಳದು. ಹತ್ತಿಪ್ಪತ್ತು ಹೋಟೆಲುಗಳ ತೂಕದ ಪಟ್ಟಿ ಈ ಪತ್ರಿಕೆಗೆ ಬಂದರೆ, ಮುಂದಿನ ಸಲ ಪಾತ್ರೆ ವ್ಯಾಪಾರಿಯ ಮುಂದೆ ನಾವು ಬರಿಗೈಯಲ್ಲಿ ಕೂರಬೇಕಾಗಿಲ್ಲ.